ಹಲ್ಲಿನ ಡಾಕ್ಟರರ ಪೋಲ್ಕಾ

ಹೊಲೆಶಿನ್ ಊರಿನ ಡಾಕ್ಟರ್ ಓತಕಾರ್ ಹ್ರುಷ್ಕಾ ಹಲ್ಲು ಕೀಳಲು ಹುಟ್ಟಿದವರಲ್ಲ. ಹರೆಯದಲ್ಲಿ ಅವರ ಮನಸ್ಸೆಲ್ಲ ಪ್ರಾಗ್‌ನ ಸಂಗೀತ ಶಾಲೆಯ ಮೇಲಿತ್ತು. ಆದರೆ ಅಪ್ಪನೂ ಹಲ್ಲಿನ ಡಾಕ್ಟರು. "ಯುದ್ಧ ಬರ್ಲಿ, ಸರ್ಕಾರ ಬೀಳ್ಲಿ, ಜನಕ್ಕೆ ಹಲ್ಲುನೋವು ಬರೋದು ತಪ್ಪಲ್ಲ ಕಣೋ. ಪಿಟೀಲು ಕುಯ್ಯೋದನ್ನ ಭಾನುವಾರಕ್ಕೆ ಇಟ್ಕೋ" ಅಂದುಬಿಟ್ಟರು. ಅಪ್ಪನ ಕುರ್ಚಿ, ಅಪ್ಪನ ಇಕ್ಕಳ, ಅಪ್ಪನ ರೋಗಿಗಳು ಎಲ್ಲವೂ ಸಾಲಾಗಿ ಮಗನ ಕೈಗೆ ಬಂದವು. ಸಂಗೀತಕ್ಕೆ ಭಾನುವಾರ ಉಳಿಯಿತು.

ಭಾನುವಾರ ಬೆಳಿಗ್ಗೆ ಹೆಂಡತಿ ಲಿಬುಶೆ ತಂಗಿಯ ಮನೆಗೆ ಹೊರಟರೆ ಅಡುಗೆಮನೆಯ ಮೇಜು ಅವರದಾಗುತ್ತಿತ್ತು. ಎರಡು ಪಿಟೀಲು, ಒಂದು ವಿಯೋಲಾ, ಒಂದು ಸೆಲ್ಲೋ ಸೇರಿ ನುಡಿಸುವ ಕ್ವಾರ್ಟೆಟ್ ಎಂದರೆ ಅವರಿಗೆ ಪ್ರಾಣ. ಮೊದಲ ಕ್ವಾರ್ಟೆಟ್ಟನ್ನು ಓದುವ ದಿನಗಳಲ್ಲೇ ಬರೆದಿದ್ದರು. ಅದರ ಎರಡನೆಯ ಭಾಗ, ನಿಧಾನವಾದ ಒಂದು ಶೋಕದ ಹಾಡು, ತಾನು ಬರೆದದ್ದರಲ್ಲೆಲ್ಲ ಶ್ರೇಷ್ಠವೆಂದು ಅವರ ನಂಬಿಕೆ. ಯಾರಿಂದಲೂ ನುಡಿಸಿರಲಿಲ್ಲ. ಕೆಟ್ಟದಾಗಿ ನುಡಿಸಿಬಿಟ್ಟರೆ ಎಂಬ ಅಂಜಿಕೆ. ಅದು ಅವರ ತಲೆಯೊಳಗೇ ನುಡಿಯುತ್ತ ಉಳಿದಿತ್ತು.

ಊರಿನ ಅಗ್ನಿಶಾಮಕ ದಳದ ಮುಖ್ಯಸ್ಥ ಮಾಶೆಕ್ ಒಂದು ದಿನ ಕೆನ್ನೆ ಊದಿಸಿಕೊಂಡು ಬಂದ. ಹಲ್ಲು ಕಿತ್ತು ಬಾಯಿಗೆ ಹತ್ತಿ ತುರುಕಿದ್ದರೂ ಅವನ ಮಾತು ನಿಲ್ಲಲಿಲ್ಲ.

"ಡಾಕ್ಟ್ರೇ, ನಮ್ ದಳದ ಹಬ್ಬ ಹತ್ರ ಬಂತು. ಜನ ಕುಣಿಯೋಕೆ ಬ್ಯಾಂಡಿಗೆ ಒಂದು ಹೊಸ ಪೋಲ್ಕಾ ಬೇಕಿತ್ತು. ನೀವು ಏನೋ ಗೀಚ್ತಿರ್ತೀರಂತಲ್ಲ?"

"ನಾನು ಬರೆಯೋದು ಕುಣಿಯೋಕಲ್ಲ ಮಾಶೆಕ್."

"ಒಂದ್ಸಲ ಕುಣಿಯೋ ಹಂಗೆ ಬರೀರಿ. ಏನು, ಕೈ ಸವೆದೋಗುತ್ತಾ?"

ಅವನನ್ನು ಸಾಗಹಾಕಿದರೆ ಸಾಕೆಂದು ಡಾಕ್ಟರು ಅವತ್ತೇ ಸಂಜೆಯೊಳಗೆ ಒಂದು ಪೋಲ್ಕಾ ಬರೆದುಕೊಟ್ಟು ಮರೆತರು. ಊರು ಮರೆಯಲಿಲ್ಲ. ಹಬ್ಬದ ದಿನ ಅದನ್ನು ಮತ್ತೆ ಮತ್ತೆ ನುಡಿಸಿದರು. ಆಮೇಲೆ ಮದುವೆ, ನಾಮಕರಣ, ಚಳಿಗಾಲದಲ್ಲಿ ಹಂದಿ ಕಡಿಯುವ ದಿನ, ಎಲ್ಲೆಲ್ಲೂ ಅದೇ. ಸುತ್ತಲ ಹಳ್ಳಿಗಳಿಗೂ ಹಬ್ಬಿತು. ಬಿಯರ್ ಅಂಗಡಿಗೆ ಡಾಕ್ಟರು ಕಾಲಿಟ್ಟರೆ ಕುಡುಕರು ಲೋಟ ಕುಟ್ಟಿ ಅದನ್ನೇ ಹಾಡುತ್ತಿದ್ದರು. ಕುರ್ಚಿಯಲ್ಲಿ ಒರಗಿ ಬಾಯಿ ತೆರೆದ ರೋಗಿಗಳೂ ಹೆದರಿಕೆ ಮರೆಯಲು ಗಂಟಲಲ್ಲೇ ಅದನ್ನು ಗುನುಗುತ್ತಿದ್ದರು. ಬಾಯಿಯೊಳಗೆ ಕನ್ನಡಿ ಹಿಡಿದ ಡಾಕ್ಟರು ಎಲ್ಲಿಗೆ ಓಡಿಯಾರು?

ಆಮೇಲೆ ಬರೆದ ಕ್ವಾರ್ಟೆಟ್ಟುಗಳನ್ನಾದರೂ ನುಡಿಸಿ ಎಂದು ಸಂಸ್ಕೃತಿ ಭವನದವರನ್ನು ಅವರು ಕೇಳದೆ ಇರಲಿಲ್ಲ. ಪ್ರತಿ ಸಲವೂ ಅದೇ ಉತ್ತರ: "ಖಂಡಿತ ಡಾಕ್ಟ್ರೇ, ಕೊನೆಗೆ ಪೋಲ್ಕಾನೂ ಇರುತ್ತಲ್ವಾ?" ಪ್ರತಿ ಸಲವೂ ಡಾಕ್ಟರು ಟೋಪಿ ಹಾಕಿಕೊಂಡು ಎದ್ದು ಬರುತ್ತಿದ್ದರು.

ಅವರಿಗೆ ಅರವತ್ತು ತುಂಬಿದಾಗ ಊರಿನವರು ಗುಟ್ಟಾಗಿ ಒಂದು ಏರ್ಪಾಟು ಮಾಡಿದರು. ಲಿಬುಶೆ ಮೊದಲ ಕ್ವಾರ್ಟೆಟ್ಟಿನ ಹಾಳೆಗಳನ್ನು ಮೆಲ್ಲಗೆ ಎತ್ತಿಕೊಟ್ಟಳು. ದೊಡ್ಡ ಪೇಟೆಯಿಂದ ನಾಲ್ವರು ಒಳ್ಳೆಯ ವಾದಕರು ಬಂದರು. ಪೋಲ್ಕಾ ಇಲ್ಲ ಎಂದು ಮಾಶೆಕನೇ ಮಾತು ಕೊಟ್ಟ. ಸಂಗತಿ ತಿಳಿದಾಗ ಡಾಕ್ಟರು ಮದುವೆಯಲ್ಲಿ ತೊಟ್ಟ ಕಪ್ಪು ಕೋಟನ್ನು ಹೇಗೋ ಹೊಟ್ಟೆಯ ಮೇಲೆ ಎಳೆದು ಗುಂಡಿ ಹಾಕಿ, ಮುಂದಿನ ಸಾಲಿನಲ್ಲಿ ಹೋಗಿ ಕುಳಿತರು.

ಮೊದಲ ಭಾಗವನ್ನು ಜನ ಮರ್ಯಾದೆಯಿಂದ ಕೇಳಿದರು. ಅಲ್ಲಲ್ಲಿ ಕೆಮ್ಮು, ಕುರ್ಚಿ ಕಿರುಗುಟ್ಟುವ ಸದ್ದು, ಅಷ್ಟೆ. ಎರಡನೆಯ ಭಾಗ ಶುರುವಾಯಿತು. ಸೆಲ್ಲೋ ಒಂದೇ ಆ ಶೋಕದ ಹಾಡನ್ನು ಎತ್ತಿಕೊಂಡಿತು. ನಲವತ್ತು ವರ್ಷ ತಲೆಯೊಳಗಿದ್ದದ್ದು ಈಗ ಕಿವಿಗೆ ಬೀಳುತ್ತಿದೆ! ಡಾಕ್ಟರು ಕಣ್ಣು ಮುಚ್ಚಿದರು.

ಹಿಂದೆ ಯಾರೋ ಪಿಸುಗುಟ್ಟಿದರು. ಇನ್ನಾರೋ ಕಿಸಕ್ಕನೆ ನಕ್ಕರು. ಆಮೇಲೆ ಮಾಶೆಕನ ದನಿ, ಅವನ ಮಟ್ಟಿಗೆ ಅದು ಪಿಸುಮಾತೇ, ಸಭೆಗೆಲ್ಲ ಕೇಳಿತು:

"ಏ, ಇದು ನಮ್ ಪೋಲ್ಕಾ ಕಣ್ರೋ! ನಿದ್ದೆಗಣ್ಣಲ್ಲಿ ಬಾರಿಸ್ದಂಗೈತೆ!"

ಡಾಕ್ಟರು ಕಣ್ಣು ತೆರೆದರು. ನಿಜವಾಗಿತ್ತು. ಸ್ವರ ಸ್ವರವೂ ಅದೇ ದಾರಿ ಹಿಡಿದಿತ್ತು. ಅಳುವನ್ನು ನಗೆಗೆ ತಿರುಗಿಸಿ ನಡೆಯನ್ನು ಚುರುಕು ಮಾಡಿದರೆ ಆಯಿತು, ಅಗ್ನಿಶಾಮಕ ದಳದ ಪೋಲ್ಕಾ. ಆ ಸಂಜೆ ಅವಸರದಲ್ಲಿ ಕೈಗೆ ಸಿಕ್ಕಿದ್ದು ತನ್ನ ಎದೆಯ ಹಾಡೇ ಎಂಬುದು ಇಷ್ಟು ವರ್ಷವೂ ಅವರಿಗೆ ಹೊಳೆದಿರಲಿಲ್ಲ. ಊರಿನವರಿಗೆ ನಾಲ್ಕೇ ಸ್ವರ ಸಾಕಾಯಿತು. ಅವರ ಮುಖಗಳು ಅರಳಿದವು. ಕಾಲುಗಳು ಮೆತ್ತಗೆ ತಾಳ ಹಾಕತೊಡಗಿದವು. ಕೇಡಿನ ಮನಸ್ಸು ಒಬ್ಬರಲ್ಲೂ ಇರಲಿಲ್ಲ. ಇದ್ದಿದ್ದರೆ ಡಾಕ್ಟರು ಸಿಟ್ಟು ಮಾಡಿಕೊಂಡಾದರೂ ಎದ್ದು ಹೋಗಬಹುದಿತ್ತು. ಮುಗಿದಾಗ ಎಲ್ಲರೂ ನಿಂತು ಚಪ್ಪಾಳೆ ತಟ್ಟಿದರು. ಅವರೂ ನಿಂತು ತಲೆಬಾಗಿದರು.

ಮನೆಗೆ ಬರುವ ದಾರಿಯಲ್ಲಿ ಲಿಬುಶೆ ಅವರ ತೋಳು ಹಿಡಿದುಕೊಂಡಳು.

"ನಿಂಗೆ ಗೊತ್ತಿತ್ತಾ?" ಅವರು ಕೇಳಿದರು.

"ಪೋಲ್ಕಾ ಮೊದಲ ಸಲ ಕೇಳ್ದಾಗ್ಲೇ ಗೊತ್ತಾಯ್ತು ಓತಾ. ಮದುವೆಗೆ ಮುಂಚೆ ಆ ಹಾಡನ್ನ ನಂಗೆ ಗುನುಗಿ ತೋರಿಸ್ತಿದ್ದೆಯಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬರೆಯೋದೇ ಬಿಡ್ತಿದ್ದೆ. ಆಮೇಲೆ ಭಾನುವಾರ ಪೂರ್ತಿ ನಿನ್ನ ಮುಖ ನೋಡ್ಕೊಂಡು ಕೂರಬೇಕಿತ್ತು ನಾನು."

ಮುಂದಿನ ವಾರಗಳು ಡಾಕ್ಟರಿಗೆ ನರಕವಾದವು. ಏನು ಬರೆದರೂ ಆ ತಿರುವಿಗೇ ಬಂದು ನಿಲ್ಲುತ್ತಿತ್ತು. ಹಳೆಯ ಕೃತಿಗಳನ್ನು ತೆಗೆದು ನೋಡಿದರೆ ಅವುಗಳ ಒಳಗೂ ಅದೇ, ವೇಷ ಮಾತ್ರ ಬೇರೆ. ಕೊನೆಗೆ ಹಟ ಹಿಡಿದರು. ಕೈ ಎತ್ತ ಹೋಗಬಯಸುತ್ತದೋ ಅದಕ್ಕೆ ವಿರುದ್ಧವಾಗಿ ಸ್ವರ ಇಡುತ್ತ, ಸಿಹಿ ಬಂದಲ್ಲಿ ಒರೆಸುತ್ತ, ಚಳಿಗಾಲವಿಡೀ ಕೂತು ಒಂದು ಹೊಸ ಕ್ವಾರ್ಟೆಟ್ ಮುಗಿಸಿದರು. ಒಂದು ಭಾನುವಾರ ಮಧ್ಯಾಹ್ನ ಲಿಬುಶೆ ಬಂದಾಗ ಅದರ ಮೊದಲ ಪಿಟೀಲಿನ ಭಾಗವನ್ನು ಅವಳಿಗೆ ನುಡಿಸಿ ತೋರಿಸಿದರು.

ಅವಳು ಕೋಟು ಬಿಚ್ಚದೆ ಬಾಗಿಲಲ್ಲೇ ನಿಂತು ಕೇಳಿದಳು.

"ಹೇಗಿದೆ?"

"ಗೊತ್ತಾಗ್ಲಿಲ್ಲ. ಇದನ್ನ ಗುನುಗೋಕೆ ನಂಗೆ ಬರಲ್ಲ."

ಡಾಕ್ಟರಿಗೆ ಹಿಗ್ಗಾಯಿತು. ಪಿಟೀಲು ಕೆಳಗಿಟ್ಟು ಕೋಣೆಯಲ್ಲಿ ಎರಡು ಸುತ್ತು ಹಾಕಿದರು. ಅವಳು ಹಿಟ್ಟಿನ ಕಡುಬನ್ನು ಬಿಸಿನೀರಿಗೆ ಬಿಡುತ್ತಿದ್ದಳು. ಡಾಕ್ಟರು ಕಿಟಕಿಯ ಬಳಿ ನಿಂತು, ಈಗಷ್ಟೇ ನುಡಿಸಿದ್ದನ್ನು ಮೆಲ್ಲಗೆ ಹಾಡಿಕೊಳ್ಳಲು ಬಾಯಿ ತೆರೆದರು. ಬರಲಿಲ್ಲ. ಮತ್ತೆ ಯತ್ನಿಸಿದರು. ಹಾಳೆ ನೋಡದೆ ಅವರಿಗೂ ಅದು ಬರುತ್ತಿರಲಿಲ್ಲ.

"ಊಟಕ್ಕೆ ಬಾ" ಎಂದಳು ಲಿಬುಶೆ.

ಅವರು ಮೇಜಿನ ಮೇಲಿನ ಹಾಳೆಗಳನ್ನು ಒಟ್ಟು ಮಾಡಿ ತಟ್ಟೆಗೆ ಜಾಗ ಮಾಡಿಕೊಟ್ಟರು.