ಹಸಿರು ದೀಪ ನಂಬದ ಅನುಮಾನದಕ್ಕ

ಬೆಳಗಿನ ಐದೂವರೆ. ಊಟದ ಮೇಜಿನ ಒಂದು ತುದಿಯಲ್ಲಿ ಮಗಳ ಶಾಲೆಯ ಚೀಲ, ಇನ್ನೊಂದು ತುದಿಯಲ್ಲಿ ಲ್ಯಾಪ್‌ಟಾಪ್. ಪರದೆಯ ಮೇಲೆ ಸರ್ವರ್‌ಗಳೆಲ್ಲ ಹಸಿರು ದೀಪ ತೋರಿಸುತ್ತಿವೆ, ಎಲ್ಲ ಸರಿಯಿದೆ ಅಂತ. ಲ್ಯಾಪ್‌ಟಾಪ್ ಮುಂದೆ ಕೂತ ಇವರು ನಂಬುವುದಿಲ್ಲ. ಸಿಕ್ಕಸಿಕ್ಕ ನಲವತ್ತು ಫೈಲು ಆರಿಸಿ, ಒಂದೊಂದರ ಮೂರೂ ಪ್ರತಿಗಳನ್ನು, ಫೈಲಿಗೆ ಬೆರಳಚ್ಚಿನಂತಿರುವ ಕೋಡ್ ಹಿಡಿದು, ತಾವೇ ತಾಳೆ ನೋಡುತ್ತಾರೆ. ಆಫೀಸಿನವರು ಇಟ್ಟ ಹೆಸರು ಅನುಮಾನದಕ್ಕ.

"ಹಸಿರು ದೀಪ ಹಚ್ಚೋದೂ ಅದೇ ಮೆಷಿನ್ ಅಲ್ವಾ? ಕಳ್ಳನ್ನೇ ಕೇಳಿದ್ರೆ ಕದ್ದೆ ಅಂತಾನಾ?" ಅನ್ನುತ್ತಾರೆ, ಪರದೆಯಿಂದ ಕಣ್ಣು ಕೀಳದೆ.

ಕೂತಲ್ಲೇ ಕೂತು ಮಾಡುವ ಇದೂ ಒಂದು ದುಡಿಮೆಯಾ ಅಂತ, ಸುಳ್ಳೇಕೆ, ನನಗೂ ಗುಮಾನಿಯಿತ್ತು. ಒಂದು ಆಸ್ಪತ್ರೆಯ ಹನ್ನೊಂದು ಲಕ್ಷ ಸ್ಕ್ಯಾನ್ ಚಿತ್ರಗಳು ಕ್ಲೌಡ್‌ನಲ್ಲಿವೆ. ಅಂದರೆ, ಇವರು ಕಣ್ಣಾರೆ ಕಂಡಿರದ ಬಾಡಿಗೆ ಸರ್ವರ್‌ಗಳಲ್ಲಿ. ಒಂದು ಕೈಕೊಟ್ಟರೆ ಇನ್ನೆರಡು ಇರಲಿ ಎಂದು ಪ್ರತಿ ಚಿತ್ರವೂ ಮೂರು ಸರ್ವರ್‌ಗಳಲ್ಲಿ. ಒಂಬತ್ತು ವರ್ಷದಿಂದ ಇವನ್ನು ಕಾಯುತ್ತಿದ್ದಾರೆ. ಆ ರಾಶಿಯಲ್ಲಿ ಇವರ ತಂಗಿಯದೂ ಒಂದಿದೆ. ಶ್ವಾಸಕೋಶದಲ್ಲಿ ಸಣ್ಣ ಗಂಟು. ಬೆಳೆದಿದೆಯೋ ಇಲ್ಲವೋ ಹೇಳಲು ಡಾಕ್ಟರಿಗೆ ಕಳೆದ ವರ್ಷದ ಚಿತ್ರ ಬೇಕೇಬೇಕು.

ಆರು ತಿಂಗಳ ಹಿಂದೆ ಮೂರೂ ಸರ್ವರ್‌ಗಳು ಒಂದೇ ನಿಮಿಷಕ್ಕೆ ನಿಧಾನವಾಗುವುದನ್ನು ಗಮನಿಸಿದರು. ಒಮ್ಮೆಯಲ್ಲ, ಹನ್ನೆರಡು ಸಲ. ಹೆಸರು ಮೂರಾದರೂ ಒಳಗಿನ ಯಂತ್ರ ಒಂದೇ ಇರಬೇಕು ಎಂಬ ಹುಳ ತಲೆ ಹೊಕ್ಕಿತು. ಬಾಡಿಗೆ ಕಂಪನಿ ಇಲ್ಲವೇ ಇಲ್ಲ ಎಂದಿತು. ಹಗ್ಗ ಕಂಡರೂ ಹಾವು ಅಂತೀರಿ ಎಂದು ಮ್ಯಾನೇಜರು ನಕ್ಕರು. ಇವರು ಬಿಡಲಿಲ್ಲ. ಕಾಡಿ ಬೇಡಿ, ಒಂದು ಪ್ರತಿಯನ್ನು ಬೇರೆ ಊರಿನ ಸರ್ವರ್‌ಗೆ ಸಾಗಿಸಿದರು.

ಹೋದ ತಿಂಗಳು ಒಂದು ಬೆಳಗ್ಗೆ ಉಳಿದೆರಡೂ ಒಟ್ಟಿಗೇ ನೆಗೆದುಬಿದ್ದವು. ಒಳಗೆ ಇದ್ದದ್ದು ಒಂದೇ ಯಂತ್ರ, ಅದು ಸುಟ್ಟಿತ್ತು. ಹನ್ನೊಂದು ಲಕ್ಷ ಚಿತ್ರಗಳಿಗೂ ಆಗ ಉಳಿದದ್ದು ಬೇರೆ ಊರಿನ ಒಂದೊಂದೇ ಪ್ರತಿ. ಅಂದೇ ತಂಗಿಯ ತಪಾಸಣೆ. ಹೊಸ ಪ್ರತಿಗಳು ತಯಾರಾಗುವವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಯಾರಿಗೂ ಸುಳಿವೇ ಹತ್ತಲಿಲ್ಲ. ಮ್ಯಾನೇಜರು ಈಗ ನಗುವುದಿಲ್ಲ. ಹಾಗಂತ ಹೊಗಳಿದ್ದೂ ಇಲ್ಲ.

ಅಂದು ಮಧ್ಯಾಹ್ನ ತಂಗಿ ಫೋನು ಮಾಡಿದಳಂತೆ, ಗಂಟು ಬೆಳೆದಿಲ್ಲ ಅಂತ.

"ಅಳು ಬಂತು. ಆದ್ರೂ ನಾನು ಮೊದಲು ಕೇಳಿದ್ದು, ಹಳೇ ಚಿತ್ರ ಪೂರ್ತಿ ತೆರೀತಾ, ಪಕ್ಕದಲ್ಲಿಟ್ಕೊಂಡೇ ನೋಡಿದ್ರಾ ಅಂತ. ನಿಂಗೆ ನನಗಿಂತ ಆ ಫೈಲೇ ಹೆಚ್ಚಾ ಅಂತ ಬೈದ್ಲು. ಬೈಲಿ ಬಿಡಿ. ಬೈಯೋಕೆ ಅವಳಿದ್ದಾಳಲ್ಲ, ಸಾಕು."