ಪೊಕುವಾ ಕಲಸಿದ ಮುಲಾಮು

ಕುಮಾಸಿಯ ದೊಡ್ಡ ಮಾರುಕಟ್ಟೆಯಲ್ಲಿ ಒಣಮೀನಿನವರ ಸಾಲು ದಾಟಿ ತಿರುಗಿದರೆ ಪೊಕುವಾಳ ಅಂಗಡಿ. ಸೋಪು, ಪೌಡರು, ತಲೆಗೆ ಹಚ್ಚುವ ಎಣ್ಣೆ ಎಲ್ಲವನ್ನೂ ಇಟ್ಟಿದ್ದಳು. ಆದರೆ ಹೆಂಗಸರು ಹುಡುಕಿಕೊಂಡು ಬರುತ್ತಿದ್ದದ್ದು ಅವಳು ತಾನೇ ಕಲಸಿ ಡಬ್ಬಿಗೆ ತುಂಬುತ್ತಿದ್ದ ಮುಲಾಮಿಗೆ. ಶನಿವಾರದ ಸಾವಿನ ಕೂಟಗಳಿಗೆ ಊರೆಲ್ಲ ಕರಿ ಬಟ್ಟೆ ಉಟ್ಟು ಸೇರುತ್ತದೆ. ಆ ಕರಿಯ ಮೇಲೆ ಮುಖವೂ ಕರ್ರಗೆ ಕಂಡರೆ ಹೇಗೆ ಎಂಬುದು ಅವರ ಚಿಂತೆ. ಅವರಿಗೆ ಪೊಕುವಾ ಹೆಚ್ಚೇನೂ ಹೇಳಬೇಕಾಗಿರಲಿಲ್ಲ. ಮಾಗಿದ ಬಾಳೆಯ ಬಣ್ಣಕ್ಕೆ ತಿರುಗಿದ್ದ ತನ್ನ ಕೆನ್ನೆಯನ್ನು ಸ್ವಲ್ಪ ಬೆಳಕಿಗೆ ಹಿಡಿದರೆ ಸಾಕಾಗಿತ್ತು.

ಹುಟ್ಟುವಾಗ ಅವಳ ಬಣ್ಣ ಅದಾಗಿರಲಿಲ್ಲ. ಅಕ್ಕನ ಮದುವೆಯ ಫೋಟೊ ತೆಗೆಯುವಾಗ ದೊಡ್ಡಮ್ಮ ಒಬ್ಬಳು, "ಏ ಪೊಕುವಾ, ನೀನು ಹಿಂದೆ ಹೋಗೇ, ಫೋಟೊ ಎಲ್ಲ ಕತ್ತಲಾಗ್ತದೆ" ಅಂದಿದ್ದಳು. ಎಲ್ಲರೂ ನಕ್ಕಿದ್ದರು. ಪೊಕುವಾಳೂ ನಕ್ಕಿದ್ದಳು. ಮಾರನೆಯ ವಾರವೇ ಹೋಗಿ ಮೊದಲ ಟ್ಯೂಬು ಕೊಂಡಳು. ಬರಬರುತ್ತ ಯಾವುದಕ್ಕೆ ಯಾವುದನ್ನು ಸೇರಿಸಿದರೆ ಬೇಗ ಬಿಳುಪಾಗುತ್ತದೆ ಎಂಬುದು ಅವಳ ಕೈಗೆ ಹತ್ತಿತು. ಗಡಿಯಾಚೆಯಿಂದ ಕದ್ದು ಬರುವ ಬಾಟಲಿಯದು ಒಂದು ಪಾಲು, ಕಜ್ಜಿಗೆ ಕೊಡುವ ಔಷಧಿಯದು ಒಂದು ಪಾಲು, ಮೇಲೆ ಘಮಕ್ಕೆ ಮಕ್ಕಳ ಲೋಷನ್ನು. ಮರದ ಸೌಟಿನಲ್ಲಿ ತಿರುವಿ ತಿರುವಿ ನಯಮಾಡುತ್ತಿದ್ದಳು.

ಮೊದಲ ಕಲೆ ಕಣ್ಣ ಕೆಳಗೆ ಕಾಣಿಸಿತು. ಮಸಿ ಬೆರಳಿನಿಂದ ಒತ್ತಿದ ಹಾಗೆ ನೀಲಿಗಪ್ಪು. ಅದರ ಮೇಲೆ ಇನ್ನಷ್ಟು ಮುಲಾಮು ಬಳಿದಳು. ಕಲೆ ತಿಳಿಯಾದ ಹಾಗೆ ಮಾಡಿ, ಅಕ್ಕಪಕ್ಕ ಹಬ್ಬಿಕೊಂಡು ಮತ್ತೆ ಬಂತು. ಕೇಳಿದವರಿಗೆ "ಬಾಳೆಕಾಯಿ ಕರಿಯುವಾಗ ಎಣ್ಣೆ ಸಿಡೀತು" ಅಂದಳು. ಎರಡೂ ಕೆನ್ನೆಗೆ ಸಮನಾಗಿ ಎಣ್ಣೆ ಸಿಡಿಯುವುದುಂಟೇ ಎಂದು ಯಾರೂ ಬಾಯಿ ಬಿಟ್ಟು ಕೇಳಲಿಲ್ಲ. ಆದರೆ ಗೆಣಸು ಮಾರುವವಳು ಒಂದು ದಿನ ಇಡೀ ಸಾಲಿಗೆ ಕೇಳುವಂತೆ, "ನಮ್ಮ ಪೊಕುವಾ ಮುಖ ಬಾಳೆಹಣ್ಣು, ಬೆರಳಿನ ಗೆಣ್ಣು ಮಾತ್ರ ಇದ್ದಿಲು! ಈಗ ಹಣ್ಣಿಗೂ ಚುಕ್ಕೆ ಬಿತ್ತು ನೋಡ್ರೇ" ಅಂದಳು. ಪೊಕುವಾ ಕೈಗಳನ್ನು ಬಟ್ಟೆಯ ಮಡಿಕೆಯೊಳಗೆ ಮುಚ್ಚಿಕೊಂಡಳು. ಆಮೇಲೆ ಚಿಲ್ಲರೆ ಎಣಿಸುವಾಗಲೂ ಅವಳ ಬೆರಳು ಪೂರ್ತಿ ಹೊರಗೆ ಬರುತ್ತಿರಲಿಲ್ಲ.

ಅವಳ ಗಂಡ, ಅಡು ಎಂಬವನು, ಉತ್ತರದ ಕಡೆ ಲಾರಿ ಓಡಿಸುತ್ತಿದ್ದ. ಮನೆಗೆ ಬಂದವನು ಅವಳ ಗಲ್ಲ ಹಿಡಿದು ನೋಡಿ, "ಏನೇ ಇದು, ನಾನಿಲ್ಲದಾಗ ಯಾರ ಜೊತೆ ಜಗಳ ಆಡ್ದೆ?" ಅಂದ. ತಮಾಷೆಗೇ ಅಂದದ್ದು. ಅವಳು ಅವನ ಕೈ ಕೊಡವಿದಳು. ಅಂದಿನಿಂದ ಪೌಡರು ಬಳಿಯದೆ ಗಂಡನ ಮುಂದೆಯೂ ನಿಲ್ಲುವುದನ್ನು ಬಿಟ್ಟಳು.

ರಾಜಧಾನಿ ಅಕ್ರಾದಲ್ಲಿ ಲೇಸರ್ ಬೆಳಕು ಬಿಟ್ಟು ಕಲೆ ತೆಗೆಯುತ್ತಾರೆಂದು ರೇಡಿಯೊದಲ್ಲಿ ಕೇಳಿದ ಮೇಲೆ, ಸರಕು ತರಲು ಹೋಗುತ್ತೇನೆಂದು ಹೇಳಿ ಬಸ್ಸು ಹತ್ತಿದಳು. ಕ್ಲಿನಿಕ್ಕಿನ ಡಾಕ್ಟರು ಲಾಂಪ್ಟೆ ಎಂಬ ಮೆಲುಮಾತಿನ ಹೆಂಗಸು. ಮುಖವನ್ನು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿ ಕೇಳಿದರು, "ಮುಖಕ್ಕೆ ಏನು ಹಚ್ತಾ ಇದ್ದೀರಮ್ಮ?"

"ಏನೂ ಇಲ್ಲ. ಶಿಯಾ ಬೀಜದ ಬೆಣ್ಣೆ ಅಷ್ಟೇ."

ಡಾಕ್ಟರು ಮುಲಾಮಿಗೂ ಬಗ್ಗದೆ ಕಪ್ಪಾಗೇ ಉಳಿದಿದ್ದ ಅವಳ ಗೆಣ್ಣುಗಳ ಕಡೆ ನೋಡಿದರು. ಮತ್ತೆ ಕೇಳಲಿಲ್ಲ. ಮೊದಲು ಕಿವಿಯ ಪಕ್ಕ ಒಂದಿಷ್ಟೇ ಜಾಗದಲ್ಲಿ ಬೆಳಕು ಬಿಟ್ಟು ನೋಡಿ, ಮುಂದಿನ ಸಲದಿಂದ ಕೆನ್ನೆಗೆ ಶುರುಮಾಡಿದರು. ಕಣ್ಣಿಗೆ ಕಪ್ಪು ಮುಚ್ಚಳ ಕಟ್ಟಿದ್ದರು. ರಬ್ಬರ್ ಬ್ಯಾಂಡು ಎಳೆದು ಬಿಟ್ಟ ಹಾಗೆ ಚಟ್ ಚಟ್ ಎಂದು ಉರಿ ಹತ್ತುತ್ತಿತ್ತು, ಸುಟ್ಟ ಕೂದಲಿನ ವಾಸನೆ ಬರುತ್ತಿತ್ತು. ಕೆಲವು ಸಲ ಹೋಗಿ ಬಂದ ಮೇಲೆ ಕಲೆ ನಿಜಕ್ಕೂ ತಿಳಿಯಾಯಿತು. ಜೊತೆಗೆ, ಆ ದಿನಗಳಲ್ಲಿ ಮುಲಾಮು ಬಿಟ್ಟಿದ್ದರಿಂದ, ಉಳಿದ ಮುಖ ತನ್ನ ಹಳೆಯ ಬಣ್ಣಕ್ಕೆ ತಿರುಗತೊಡಗಿತು. ಕನ್ನಡಿಯಲ್ಲಿ ಮತ್ತೆ ಫೋಟೊದ ಹಿಂದಿನ ಸಾಲಿನ ಹುಡುಗಿ ಕಂಡಳು. ಪೊಕುವಾ ತಡೆಯಲಾರದೆ ಡಬ್ಬಿಯ ಮುಚ್ಚಳ ತೆಗೆದಳು. ಸ್ವಲ್ಪವೇ ಹಚ್ಚಿದಳು. ಮಳೆಗಾಲ ಮುಗಿಯುವಷ್ಟರಲ್ಲಿ ಕಲೆ ಮೊದಲಿಗಿಂತ ದಟ್ಟವಾಗಿ ಮರಳಿತ್ತು.

ತಲೆಬಟ್ಟೆಯ ತುದಿಯಿಂದ ಮೂಗು ಕೆನ್ನೆ ಮುಚ್ಚಿಕೊಂಡು ಮತ್ತೆ ಅಕ್ರಾಕ್ಕೆ ಹೋದಳು. ಕಾಯುವ ಕೋಣೆಯಲ್ಲಿ ಅವಳ ಹಾಗೆಯೇ ಮುಖ ಮುಚ್ಚಿಕೊಂಡ ಇನ್ನೊಬ್ಬಳು ಕೂತಿದ್ದಳು. ಅವಳೇ ಮೊದಲು ಗುರುತು ಹಿಡಿದದ್ದು.

"ಪೊಕುವಕ್ಕ! ನೀನೂನಾ? ಎಣ್ಣೆ ಸಿಡಿದದ್ದು ಅಂತಿದ್ದೆಯಲ್ಲ!"

ಅಚಿಯಾ. ಒಣಮೀನಿನ ಸಾಲಿನ ಹುಡುಗಿ. ಮದುವೆಗೆ ಮುಂಚಿನಿಂದ ಪೊಕುವಾಳ ಹತ್ತಿರವೇ ಮುಲಾಮು ಒಯ್ಯುತ್ತಿದ್ದವಳು. ಕೆಲವು ತಿಂಗಳಿಂದ ಅವಳ ಬದಲು ಅವಳ ತಾಯಿ ಮೀನಿನ ಬುಟ್ಟಿಯ ಮುಂದೆ ಕೂರುತ್ತಿದ್ದಳು. ಬಸುರಿ ಇರಬೇಕು ಎಂದುಕೊಂಡಿದ್ದಳು ಪೊಕುವಾ. ಅಚಿಯಾ ಅತ್ತಿತ್ತ ನೋಡಿ ಬಟ್ಟೆ ಸರಿಸಿದಳು. ಎರಡು ಕೆನ್ನೆಯೂ ಕಿವಿಯ ತನಕ ನೀಲಿಗಪ್ಪಾಗಿ, ಮರಳು ಚೆಲ್ಲಿದ ಹಾಗೆ ಒರಟಾಗಿದ್ದವು. ಪೊಕುವಾಳೂ ತನ್ನ ತಲೆಬಟ್ಟೆ ಸರಿಸಿದಳು.

"ಚರ್ಚಿನಲ್ಲಿ ಹಾಡೋದು ಬಿಟ್ಟೆ ಅಕ್ಕ. ಎದುರಿಗೆ ನಿಂತರೆ ಎಲ್ಲರ ಕಣ್ಣೂ ಇಲ್ಲೇ," ಎಂದು ಕೆನ್ನೆ ಮುಟ್ಟಿಕೊಂಡಳು. "ಅತ್ತೆ ಅಂತೂ, ಏನು ರೋಗವೋ, ನನ್ನ ಪಾತ್ರೆ ಮುಟ್ಟಬೇಡ ಅಂತಾಳೆ."

"ಡಾಕ್ಟರು ಏನಂದ್ರು?"

"ಏನು ಹಚ್ಚಿದ್ದೆ, ಅದರಲ್ಲಿ ಏನೇನಿತ್ತು ಅಂತ ಕೇಳ್ತಾನೇ ಇರ್ತಾರೆ. ಗೊತ್ತಾದರೆ ಮದ್ದು ಸರಿಯಾಗಿ ಕೊಡಬಹುದಂತೆ. ನನಗೇನು ಗೊತ್ತು? ನಮ್ಮಕ್ಕ ಕಲಸಿದ್ದು, ಒಳ್ಳೇ ಕೈ ಅಂದೆ." ಆಮೇಲೆ ಪೊಕುವಾಳ ತೊಡೆ ತಟ್ಟಿದಳು. "ನಿನ್ನ ಮೇಲೆ ಒಂದಿನಾನೂ ಅನುಮಾನ ಪಡಲಿಲ್ಲ ಕಣಕ್ಕ. ಈಗ ನಿನ್ನ ಮುಖ ನೋಡಿದ ಮೇಲೆ ಗ್ಯಾರಂಟಿ ಆಯ್ತು. ಪಾಪ, ನಿನಗೂ ಯಾರೋ ಕೆಟ್ಟ ಸರಕು ತಂದು ಸುರಿದಿದ್ದಾರೆ. ತಗೋ, ತಿನ್ನು, ಬೆಳಗ್ಗೆಯಿಂದ ಏನೂ ತಿಂದ ಹಾಗಿಲ್ಲ."

ಎಲೆಯಲ್ಲಿ ಸುತ್ತಿದ ಕೆಂಕೆಯನ್ನು ಬಿಚ್ಚಿ, ಹುಳಿಹಿಟ್ಟಿನ ಆ ಮುದ್ದೆಯನ್ನು ಮುರಿದು, ಮೀನಿನ ದೊಡ್ಡ ಚೂರನ್ನೇ ಅವಳ ಕಡೆ ಇಟ್ಟಳು. ಪೊಕುವಾ ತುತ್ತು ಬಾಯಿಗೆ ಹಾಕಿಕೊಂಡಳು. ಬೈದಿದ್ದರೆ, ಜುಟ್ಟು ಹಿಡಿದು ಜಗ್ಗಿದ್ದರೆ ಬದಲಿಗೆ ನಾಲ್ಕು ಮಾತು ಎಸೆಯಬಹುದಿತ್ತು. ಅಷ್ಟರಲ್ಲಿ ಒಳಗಿಂದ ಅವಳ ಹೆಸರು ಕೂಗಿದರು.

ಒಳಗೆ ಹೋದವಳು ಕುರ್ಚಿಯ ಮೇಲೆ ಕೂರುವ ಮೊದಲೇ ಹೇಳಿದಳು, "ಶಿಯಾ ಬೆಣ್ಣೆ ಅಂದಿದ್ದು ಸುಳ್ಳು ಡಾಕ್ಟ್ರೇ." ಯಾವ ಬಾಟಲಿ, ಯಾವ ಟ್ಯೂಬು, ಎಷ್ಟಕ್ಕೆ ಎಷ್ಟು, ಒಂದೊಂದನ್ನೇ ಹೇಳುತ್ತ ಹೋದಳು. ಅಡುಗೆಯ ಹದ ಹೇಳಿದ ಹಾಗೆ ಸಲೀಸಾಗಿ ಬಂತು ಮಾತು. ಆ ಸಲೀಸಿಗೇ ಅವಳಿಗೆ ನಾಚಿಕೆಯಾಯಿತು.

ಲಾಂಪ್ಟೆ ಬರೆದುಕೊಂಡರು. "ಮೊದಲೇ ಹೇಳಿದ್ದರೆ ಇಷ್ಟು ಉರಿ ತಿನ್ನೋದು ತಪ್ಪುತ್ತಿತ್ತು. ಮುಲಾಮು ನಿಲ್ಲಿಸದೆ ಎಷ್ಟು ಬೆಳಕು ಬಿಟ್ಟರೂ ಕಲೆ ಬರುತ್ತಾನೇ ಇರುತ್ತೆ. ಇವತ್ತು ಲೇಸರ್ ಬೇಡ, ಚರ್ಮಕ್ಕೆ ರಜ ಕೊಡೋಣ." ಸ್ವಲ್ಪ ತಡೆದು, "ಬೇರೆಯವರಿಗೂ ಕೊಟ್ಟಿದ್ದೀರಾ?" ಎಂದು ಕೇಳಿದರು.

"ಹೊರಗೆ ಒಬ್ಬಳು ಕೂತಿದ್ದಾಳೆ."

"ಹಾಗಾದರೆ ಅವರಿಗೆ ನೀವೇ ಹೇಳಬೇಕು. ಆ ಕೆಲಸ ನಾನು ಮಾಡೋಕಾಗಲ್ಲ."

ಹೊರಬಂದ ಪೊಕುವಾ ಅಚಿಯಾಳ ಪಕ್ಕ ಕೂರಲಿಲ್ಲ, ನಿಂತೇ ಹೇಳಿದಳು. "ನನಗೆ ಯಾರೂ ಮೋಸ ಮಾಡಿಲ್ಲ ಅಚಿಯಾ. ಕಲಸಿದ್ದೆಲ್ಲ ನಾನೇ."

"ಕಲಸಿದ್ದು ನೀನೇ ಅಂತ ನನಗೂ ಗೊತ್ತಕ್ಕ. ಹೀಗಾಗತ್ತೆ ಅಂತ ನಿನಗೇನು ಗೊತ್ತಿತ್ತಾ?"

ಇಲ್ಲ ಅಂದುಬಿಡಬಹುದಿತ್ತು. ಅಚಿಯಾ ನಂಬುತ್ತಿದ್ದಳು.

"ಮೊದಲು ಗೊತ್ತಿರಲಿಲ್ಲ. ನನ್ನ ಕೆನ್ನೆ ಕಪ್ಪಾದ ಮೇಲೆ ಗೊತ್ತಾಯ್ತು. ಆಮೇಲೂ ನೀನು ಬಂದು ಕೇಳಿದೆ. ಆಮೇಲೂ ಕೊಟ್ಟೆ."

ಅಚಿಯಾ ಅವಳನ್ನೇ ನೋಡಿದಳು. ಉಳಿದ ಕೆಂಕೆಯನ್ನು ಎಲೆಯೊಳಗೆ ನಿಧಾನವಾಗಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು, ಎದ್ದು ಹೋಗಿ ಆಚೆ ಗೋಡೆಯ ಕುರ್ಚಿಯಲ್ಲಿ ಕೂತಳು. ಸಂಜೆ ಇಬ್ಬರಿಗೂ ಊರಿಗೆ ಹೋಗುವುದು ಒಂದೇ ಬಸ್ಸಾಯಿತು. ಅಚಿಯಾ ಮುಂದೆ ಕೂತಳು, ಪೊಕುವಾ ಕೊನೆಯ ಸಾಲಿನಲ್ಲಿ. ದಾರಿಯುದ್ದಕ್ಕೂ ಅಚಿಯಾಳ ಭುಜ ಅಲುಗುವುದು ಅವಳಿಗೆ ಕಾಣುತ್ತಿತ್ತು. ಅಳುವೋ ರಸ್ತೆಯ ಕುಲುಕೋ ತಿಳಿಯಲಿಲ್ಲ.

ಪೊಕುವಾ ಮುಲಾಮು ಮಾರುವುದನ್ನು ನಿಲ್ಲಿಸಿದಳು. ಕೇಳಲು ಬಂದವರಿಗೆ "ಮುಗಿದಿದೆ" ಅನ್ನುತ್ತಿದ್ದಳು. ಕೆಡುಕಿನದು ಎಂದು ಹೇಳಲು ಬಾಯಿ ಬರುತ್ತಿರಲಿಲ್ಲ. ಬಂದವರು ಪಕ್ಕದ ಸಾಲಿಗೆ ಹೋಗಿ ಬೇರೆ ಯಾರದೋ ಡಬ್ಬಿ ಕೊಳ್ಳುತ್ತಿದ್ದರು.

ಹರ್ಮಟಾನ್ ಗಾಳಿಯ ಧೂಳು ಎದ್ದಿದ್ದ ಒಂದು ಬೆಳಗ್ಗೆ ಅಚಿಯಾ ಅಂಗಡಿಯ ಮುಂದೆ ಬಂದು ನಿಂತಳು. ಮುಖ ಮುಚ್ಚಿರಲಿಲ್ಲ. ಕಲೆ ಅಲ್ಲಲ್ಲಿ ತಿಳಿಯಾಗಿತ್ತು. ಮದುವೆ ಗೊತ್ತಾಗಿದ್ದ ತಂಗಿಯನ್ನು ರಟ್ಟೆ ಹಿಡಿದು ಎಳೆದುಕೊಂಡು ಬಂದಿದ್ದಳು. ಹುಡುಗಿಯ ಕೈಯಲ್ಲಿ ಪಕ್ಕದ ಸಾಲಿನಲ್ಲಿ ಕೊಂಡ, ಇನ್ನೂ ಬಿಚ್ಚದ ಮುಲಾಮಿನ ಡಬ್ಬಿ ಇತ್ತು.

ಪೊಕುವಾ ಎದ್ದು ನಿಂತಳು. "ಬಾ ಅಚಿಯಾ, ಕೂತ್ಕೋ."

"ಕೂರೋಕೆ ಬಂದಿಲ್ಲ. ನಿನ್ನ ಜೊತೆ ಮಾತಾಡೋಕೂ ಬಂದಿಲ್ಲ. ಇವಳು ನನ್ನ ಮಾತು ಕೇಳಲ್ಲ, ನನಗೆ ಹೊಟ್ಟೆಕಿಚ್ಚು ಅಂತಾಳೆ. ನನಗೆ ಹೇಳಿದ್ಯಲ್ಲ, ಅದನ್ನ ಇವಳಿಗೆ ಹೇಳು."

"ಒಳಗೆ ಬನ್ನಿ, ಹೇಳ್ತೀನಿ."

"ಒಳಗೆ ಯಾಕೆ? ಇಲ್ಲೇ ಹೇಳು."

ಗೆಣಸಿನವಳು ತಕ್ಕಡಿ ಕೆಳಗಿಟ್ಟು ಕತ್ತು ಚಾಚಿದಳು. ಮೀನಿನವರು ಮಾತು ನಿಲ್ಲಿಸಿದರು. ಪೊಕುವಾಳಿಗೆ ಕಾಲ ಕೆಳಗಿನ ಹಲಗೆ ಬಿರಿದರೆ ಸಾಕು ಅನ್ನಿಸಿತು. ಉಟ್ಟ ಬಟ್ಟೆಯ ತುದಿಯಿಂದ ಕೆನ್ನೆಯ ಪೌಡರನ್ನು ಒರೆಸಿಕೊಂಡು ಹುಡುಗಿಗೆ ಕಾಣುವ ಹಾಗೆ ತಿರುಗಿದಳು.

"ನೋಡು ಮಗ, ಇದು ಎಣ್ಣೆ ಸಿಡಿದು ಆದದ್ದಲ್ಲ," ಎಂದು ಶುರುಮಾಡಿದಳು. ದನಿ ಪಕ್ಕದವರಿಗೂ ಕೇಳದಷ್ಟು ಸಣ್ಣಗಿತ್ತು.

"ಕೇಳಿಸ್ತಾ ಇಲ್ಲ," ಎಂದಳು ಅಚಿಯಾ. "ಜೋರಾಗಿ ಹೇಳು."

ಪೊಕುವಾ ಜೋರಾಗಿ ಹೇಳಿದಳು.