ನಮ್ಮದಲ್ಲದ ನಮ್ಮ ಹೆಸರು

ನಿನ್ನೆ ರಾಮದುರ್ಗದ ಬಸ್ ನಿಲ್ದಾಣದಲ್ಲಿ ಸುರೇಬಾನದ ಶಾಂತವ್ವ ತನ್ನ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದಾಗ ನಾನು ಬೆಚ್ಚಿಬಿದ್ದೆ. ಹೆಣ್ಣುಮಕ್ಕಳಿಗೆ ಹಾಸ್ಟೆಲ್, ವಿದ್ಯಾರ್ಥಿವೇತನಗಳ ಮಾಹಿತಿ ಕೊಡಲೆಂದು ನಮ್ಮ ಸಂಘ ಕಟ್ಟಿದ್ದ ಜಾಲತಾಣದ ವಿಳಾಸ ಮೇಲ್ಗಡೆ ಹಾಗೆಯೇ ಇತ್ತು. ಕೆಳಗೆ ಜೂಜಾಟದ ಇಸ್ಪೀಟಿನ ಎಲೆಗಳು ಕುಣಿಯುತ್ತಿದ್ದವು.

"ನಂಬರ್ ಕೇಳಿತ್ರಿ ಸರ. ನಿಮ್ಮದ ಐತಿ ಅಂತ ಮಗಳ ನಂಬರ್ ಹಾಕಿದ್ನಿ. ಈಗ ಯಾರ್ಯಾರೋ ಗಂಡಸರು ಫೋನ್ ಮಾಡಾಕತ್ತಾರ. ನಮ್ಮ ಮನಿಯವರು ಕಾಲೇಜ ಬ್ಯಾಡಂತ ಕುಂತಾರ."

ನಿಮಗೆ ನಗು ಬಂದೀತು, ಆ ಜಾಲತಾಣಕ್ಕೆ ಹೆಸರು ಪಡೆದ ದಿನ ನಾವು ಅದಕ್ಕೆ ನಾಮಕರಣವನ್ನೇ ಮಾಡಿದ್ದೆವು! ಸಂಘದ ಹಿರಿಯರಾದ ಗಂಗವ್ವತ್ತಿ, ಕಂಪ್ಯೂಟರಿನ ಕಿವಿ ಯಾವುದೆಂದು ಹುಡುಕಿ ಸೋತು, ತೊಟ್ಟಿಲ ಕೂಸಿನ ಕಿವಿಯಲ್ಲಿ ಕೂಗುವಂತೆ ಸ್ಪೀಕರಿಗೆ ಬಾಯಿಟ್ಟು "ಕುರ್ರ್" ಎಂದು ಹೆಸರು ಕೂಗಿದರು. ಕೂಸಿಗೆ ಹೆಸರಿಟ್ಟ ಅತ್ತೆಗೆ ಗುದ್ದುವಂತೆ ಉಳಿದ ಹೆಂಗಸರು ಅವರ ಬೆನ್ನಿಗೆ ಗುದ್ದಿದರು.

"ಮೆಲ್ಲಕ ಗುದ್ದ್ರೆವಾ, ಕೂಸು ಅಂಜತೈತಿ!" ಎಂದರು ಗಂಗವ್ವತ್ತಿ.

ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ಕಂಠದಲ್ಲಿ ನಾನು, ಈ ಹೆಸರು ಇನ್ನೆಂದೆಂದಿಗೂ ನಮ್ಮದೆಂದು ಘೋಷಿಸಿದೆ. ಇಟ್ಟ ಹೆಸರಿಗೆ ಮತ್ತೆ ಮತ್ತೆ ಅನುಮತಿ ಪಡೆಯುವ ಪದ್ಧತಿ ನಮ್ಮ ಯಾವ ಮನೆಯಲ್ಲಿದೆ, ಹೇಳಿ?

ಅಂತರ್ಜಾಲದಲ್ಲಿದೆ. ಅಲ್ಲಿ ಹೆಸರು ನಿಗದಿತ ಅವಧಿಗೆ ಮಾತ್ರ ನಮ್ಮದು. ಅವಧಿ ತೀರುವ ಮುನ್ನ ನವೀಕರಿಸಬೇಕು. ಹೆಸರು ಯಾರ ಕೈಯಲ್ಲಿದೆಯೋ, ಅದನ್ನು ಟೈಪ್ ಮಾಡಿದವರು ಎಲ್ಲಿಗೆ ಹೋಗಿ ಮುಟ್ಟಬೇಕೆಂದು ತೀರ್ಮಾನಿಸುವವರೂ ಅವರೇ. ನೆನಪಿನ ಸಂದೇಶಗಳು ಸಂಘದಲ್ಲಿ ಯಾರೂ ತೆರೆಯದ ಇಮೇಲಿಗೆ ಬಂದು ಬಿದ್ದಿದ್ದವು. ಅವಧಿ ತೀರಿದ ಮೇಲೂ ಕೆಲಕಾಲ ನಮಗಾಗಿ ಕಾದ ಹೆಸರು, ಯಾರು ಬೇಕಾದರೂ ಪಡೆಯುವಂತೆ ಬಿಡುಗಡೆಯಾಯಿತು. ಯಾರೋ ಅಪರಿಚಿತರು ಅದನ್ನು ನೋಂದಾಯಿಸಿಕೊಂಡರು. ಕಳವಾಗಿದ್ದರೆ ಠಾಣೆಗೆ ಓಡುತ್ತಿದ್ದೆ. ಅವರು ಹೆಸರು ಪಡೆದದ್ದು ಕಳವೇ ಅಲ್ಲವೆಂದು ತಿಳಿದಾಗ ನಾನು ದಂಗಾದೆ. ಇಷ್ಟು ವರ್ಷ ಊರೂರು ಅಲೆದು ಗಳಿಸಿದ ವಿಶ್ವಾಸವೂ ಆ ಹೆಸರಿನ ಬೆನ್ನುಹತ್ತಿ ಪರರ ಪಾಲಾಗಿತ್ತು.

ಇಂದು ಬೆಳಿಗ್ಗೆ ಸುರೇಬಾನಕ್ಕೆ ಹೋದೆ. ಶಾಂತವ್ವನ ಗಂಡ ಬಸಪ್ಪ ಕಟ್ಟೆಯ ಮೇಲಿದ್ದರು. ನಡೆದುದನ್ನೆಲ್ಲ ವಿವರಿಸಿ, "ಹುಡುಗೀದೇನೂ ತಪ್ಪಿಲ್ಲರಿ, ಕಾಲೇಜು ಬಿಡಿಸಬ್ಯಾಡ್ರಿ" ಎಂದೆ. ನನ್ನ ವಾದಸರಣಿ ಅಷ್ಟಕ್ಕೇ ಮುಗಿದಿತ್ತು.

ಅವರು ಒಮ್ಮೆ ಒಳಗಿನ ಬಾಗಿಲತ್ತ ನೋಡಿದರು. "ಬಿಡಸೂದಿಲ್ಲ ಬಿಡ್ರಿ. ಹುಡುಗೀನೂ ರಾತ್ರಿಯಿಂದ ಉಂಡಿಲ್ಲ. ನಂಬರ್ ಬದಲಿ ಮಾಡಸ್ತೇನಿ."

ಉಸಿರು ಬಂದಂತಾಯಿತು. ಹಾಸ್ಟೆಲಿನ ಸುದ್ದಿ ತಿಳಿಸಲು ಹೊಸ ನಂಬರ್ ಬೇಕಲ್ಲ ಎಂದು ಬಾಯಿ ತೆರೆದೆ.

"ಅದೊಂದ ಕೇಳಬ್ಯಾಡ್ರಿ, ಸರ. ಏನರ ಹೇಳೂದಿದ್ರ ಹಿಂಗ ಬಂದು ಹೇಳ್ರಿ. ನಿಮ್ಮ ಮಾರಿ ನೋಡೇ ನಂಬತೇನಿ."

ನಾಡಿದ್ದು ಹಾಸ್ಟೆಲಿನ ಆಯ್ಕೆ ಪ್ರಕಟವಾಗುತ್ತದೆ. ನಾನು ಸುರೇಬಾನದ ಬಸ್ಸು ಹತ್ತಬೇಕು.